ಸಂಘದ ಕಚೇರಿಯಲ್ಲಿ ನಿಸ್ತಂತು ಇಂಟರ್‌ನೆಟ್ ದೂರವಾಣಿ: ಅಳವಡಿಕೆ ಮತ್ತು ಬಳಕೆ



ರಾಸುಗಳ ಚಿಕಿತ್ಸೆಯಲ್ಲಿ ಔಷಧಿಗೆ ಎಷ್ಟು ಬೆಲೆಯಿದೆಯೋ, ಸುದ್ದಿ ಸಕಾಲದಲ್ಲಿ ವೈದ್ಯರಿಗೆ ಮುಟ್ಟುವುದಕ್ಕೂ ಅಷ್ಟೇ ಬೆಲೆಯಿದೆ. ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ಒಂದು ಕೊಟ್ಟಿಗೆಯಲ್ಲಿ ನಿಂತು ಕಲಿತದ್ದು.

ಕೆಲವು ವರ್ಷಗಳ ಹಿಂದಿನ ಮಳೆಗಾಲ. ಗುಡ್ಡದ ತಪ್ಪಲಿನ ಒಂದು ಊರಿನಲ್ಲಿ ಸದಸ್ಯರೊಬ್ಬರ ಮಿಶ್ರತಳಿ ಹಸು ಮೂರನೆಯ ಕರು ಹಾಕಿತ್ತು. ಮರುದಿನ ಸಂಜೆ ಹಸು ಮಲಗಿದ್ದು ಏಳಲಿಲ್ಲ. ಕಿವಿ ತಣ್ಣಗಾಗಿತ್ತು, ಕತ್ತನ್ನು ಪಕ್ಕೆಗೆ ಮಡಚಿಕೊಂಡಿತ್ತು. ಹಾಲು ಜ್ವರದ ಸ್ಪಷ್ಟ ಲಕ್ಷಣ. ಆ ಊರಿನಲ್ಲಿ ಮೊಬೈಲ್ ಸಿಗ್ನಲ್ ಸಿಗಬೇಕಾದರೆ ಗುಡ್ಡದ ಮೇಲಿನ ಬಂಡೆಯವರೆಗೆ ಹತ್ತಬೇಕು. ಆ ರಾತ್ರಿ ಮಳೆ ಬಿಡಲಿಲ್ಲ. ಬೆಳಗಿನ ಜಾವ ಮಗ ಬಂಡೆ ಹತ್ತಿ ನನಗೆ ಫೋನು ಮಾಡಿದ. ನಾನು ತಲುಪುವ ಹೊತ್ತಿಗೆ ಹಸು ಉಳಿದಿರಲಿಲ್ಲ. "ಡಾಕ್ಟ್ರೇ, ರಾತ್ರಿಯೇ ನಿಮಗೆ ಗೊತ್ತಾಗಿದ್ದರೆ ಬದುಕುತ್ತಿತ್ತೇ?" ಎಂದು ಆ ಮನೆಯ ಅಮ್ಮ ಕೇಳಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಬಹುಶಃ ಬದುಕುತ್ತಿತ್ತಮ್ಮ" ಎಂದೆ.

ಹೊರಬಂದಾಗ ಎದುರಿಗೇ ಹಾಲಿನ ಸಂಘ ಕಂಡಿತು. ಅವರ ಮನೆಯಿಂದ ಇನ್ನೂರು ಹೆಜ್ಜೆ. ಹಾಲಿನ ಲೆಕ್ಕವನ್ನು ಒಕ್ಕೂಟಕ್ಕೆ ಕಳುಹಿಸಲು ಅಲ್ಲಿ ಫೈಬರ್ ಇಂಟರ್‌ನೆಟ್ ಹಾಕಿಸಿ ಆಗಲೇ ಒಂದು ವರ್ಷವಾಗಿತ್ತು. ಅಂದು ಸಂಜೆಯೂ ಹಾಲು ಶೇಖರಣೆ ಮುಗಿದ ಮೇಲೆ ಎಂದಿನಂತೆ ಮೇನ್ ಸ್ವಿಚ್ ಆರಿಸಿ ಬೀಗ ಹಾಕಲಾಗಿತ್ತು. ಅದು ಯಾರ ತಪ್ಪೂ ಅಲ್ಲ. ಆ ಪೆಟ್ಟಿಗೆಯಿಂದ ಫೋನು ಮಾಡಬಹುದೆಂದು ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ತಿಳಿಸಬೇಕಾದ ನಾನೂ ತಿಳಿಸಿರಲಿಲ್ಲ. ಆ ಋಣ ತೀರಿಸಲು ಈ ಪಾಠ ಬರೆಯುತ್ತಿದ್ದೇನೆ.

ಗಂಟೆಗಳ ಲೆಕ್ಕ

ಮೊದಲಿಗೆ, ಕರೆ ತಡವಾದರೆ ಏನಾಗುತ್ತದೆ ಎಂಬುದನ್ನು ಗಮನಿಸೋಣ.

1. ಹಾಲು ಜ್ವರ: ಹೆಚ್ಚಾಗಿ ಕರು ಹಾಕಿದ 72 ಗಂಟೆಗಳೊಳಗೆ ಬರುತ್ತದೆ. ರಕ್ತದಲ್ಲಿ ಸುಣ್ಣದ ಅಂಶ ಕುಸಿಯುವುದೇ ಕಾರಣ. ಸಕಾಲದಲ್ಲಿ ಕ್ಯಾಲ್ಸಿಯಂ ಅನ್ನು ರಕ್ತನಾಳಕ್ಕೆ ಕೊಟ್ಟರೆ ಬಹಳಷ್ಟು ಹಸುಗಳು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತವೆ. ಕೊಡದಿದ್ದರೆ ಒಂದೇ ರಾತ್ರಿಯಲ್ಲಿ ಹಸು ಕೈಬಿಟ್ಟು ಹೋಗಬಹುದು.

2. ಹೊಟ್ಟೆ ಉಬ್ಬರ: ಉಬ್ಬರ ತೀವ್ರವಾಗಿದ್ದರೆ ರಾಸು ಒಂದೆರಡು ಗಂಟೆಗಳಲ್ಲಿಯೇ ಉಸಿರುಕಟ್ಟಿ ಸಾಯಬಹುದು.

3. ಕಷ್ಟದ ಹೆರಿಗೆ: ನೀರಿನ ಚೀಲ ಒಡೆದು 2 ಗಂಟೆಯಾದರೂ ಕರು ಮುಂದಕ್ಕೆ ಬಾರದಿದ್ದರೆ ವೈದ್ಯರನ್ನು ಕರೆಯಲೇಬೇಕು.

4. ಬೆದೆ: ಬೆಳಿಗ್ಗೆ ಬೆದೆ ಕಂಡ ಹಸುವಿಗೆ ಅಂದು ಸಂಜೆ, ಸಂಜೆ ಕಂಡ ಹಸುವಿಗೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಆ ಹೊತ್ತು ತಪ್ಪಿದರೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನದ ಮೇವು, ಹಿಂಡಿ ಎಲ್ಲ ದಂಡ.

5. ಹಾಲು ಶೀತಲೀಕರಣ ಘಟಕ ಕೆಡುವುದು: ಕರೆದ ಹಾಲನ್ನು ಬೇಗನೆ 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸದಿದ್ದರೆ ಬ್ಯಾಕ್ಟೀರಿಯಾ ಬೆಳೆದು ಊರಿನ ಅಷ್ಟೂ ಹಾಲು ಹುಳಿಯಾಗುತ್ತದೆ. ಯಂತ್ರ ನಿಂತ ಕೂಡಲೇ ಒಕ್ಕೂಟದ ತಾಂತ್ರಿಕ ವಿಭಾಗಕ್ಕೆ ಸುದ್ದಿ ಹೋಗಬೇಕು.

ಆದುದರಿಂದ ಸಂಘದ ಫೋನು ಬರೀ ಕಚೇರಿಯ ಅನುಕೂಲಕ್ಕೆ ಇರುವುದಲ್ಲ. ಅದು ತಕ್ಕಡಿ, ಹಾಲು ಪರೀಕ್ಷಾ ಯಂತ್ರಗಳಷ್ಟೇ ಅಗತ್ಯವಾದ ಸಲಕರಣೆ.

ಇಂಟರ್‌ನೆಟ್ ದೂರವಾಣಿ ಎಂದರೇನು?

ಹಿರಿಯ ಸದಸ್ಯರಿಗೆ ಹಳೆಯ ಕಪ್ಪು ಫೋನು ನೆನಪಿರಬಹುದು. ನಾವು ಮಾತನಾಡುವಷ್ಟು ಹೊತ್ತೂ ಒಂದು ತಾಮ್ರದ ತಂತಿಯ ದಾರಿ ನಮಗಾಗಿಯೇ ಮೀಸಲಾಗಿರುತ್ತಿತ್ತು. ಇಂಟರ್‌ನೆಟ್ ದೂರವಾಣಿಯಲ್ಲಿ ಹಾಗಿಲ್ಲ. ನಮ್ಮ ಧ್ವನಿಯನ್ನು ಅಂಕಿಗಳನ್ನಾಗಿ ಮಾಡಿ, ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ಒಂದೊಂದರ ಮೇಲೂ ವಿಳಾಸ ಬರೆದು ಕಳುಹಿಸಲಾಗುತ್ತದೆ. ಆ ಕಡೆಯಲ್ಲಿ ಪೊಟ್ಟಣಗಳನ್ನು ಬಿಚ್ಚಿ ಮತ್ತೆ ಧ್ವನಿಯಾಗಿಸಲಾಗುತ್ತದೆ. ನಮ್ಮ ಹಾಲು ಕ್ಯಾನುಗಳಲ್ಲಿ ತುಂಬಿ ಲಾರಿಯ ಮೇಲೆ ಡೈರಿಗೆ ಹೋಗುವಂತೆ ಎನ್ನಬಹುದು. ಕ್ಯಾನಿನ ಮೇಲೆ ಸಂಘದ ಸಂಖ್ಯೆ ಇದ್ದರಾಯಿತು, ರಸ್ತೆಯನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ.

ಪೊಟ್ಟಣಗಳು ಫೋನಿನಿಂದ ಗೋಡೆಯ ಮೇಲಿನ ರೂಟರ್ ಪೆಟ್ಟಿಗೆಯವರೆಗೆ ರೇಡಿಯೋ ಅಲೆಯ ಮೂಲಕ, ಅಂದರೆ ವೈ-ಫೈ ಮೂಲಕ, ಹೋದರೆ ಅದು ನಿಸ್ತಂತು ಇಂಟರ್‌ನೆಟ್ ದೂರವಾಣಿ. ಇದಕ್ಕೆ ಮೊಬೈಲ್ ಗೋಪುರದ ಸಿಗ್ನಲ್ ಬೇಡ, ಇಂಟರ್‌ನೆಟ್ ಮಾತ್ರ ಬೇಕು. ಎಲ್ಲ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ನೀಡಿತು. ಅದೇ ಮುಂದೆ ಭಾರತ್‌ನೆಟ್ ಆಯಿತು. ಹೀಗಾಗಿ ಮೊಬೈಲ್ ಸರಿಯಾಗಿ ಸಿಗದ ಕೆಲವು ಊರುಗಳಿಗೂ ಫೈಬರ್ ಬಂದಿದೆ.

ಮೂರು ಬಗೆಗಳು

ಮೊದಲನೆಯದು, ಮೊಬೈಲಿನ ವೈ-ಫೈ ಕರೆ. ನಿಮ್ಮ ಈಗಿನ ಫೋನು, ಈಗಿನ ಸಿಮ್, ಈಗಿನ ನಂಬರು. ಗೋಪುರದ ಬದಲು ಸಂಘದ ವೈ-ಫೈ ಮೂಲಕ ಕರೆ ಹೋಗುತ್ತದೆ. ನಮ್ಮ ದೇಶದಲ್ಲಿ ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿಯೂ ಜಿಯೋ 2020ರ ಜನವರಿಯಲ್ಲಿಯೂ ಇದನ್ನು ಆರಂಭಿಸಿದವು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ವಿಭಾಗಕ್ಕೆ ಹೋಗಿ 'ವೈ-ಫೈ ಕಾಲಿಂಗ್' ಎಂಬುದನ್ನು ಒಮ್ಮೆ ಚಾಲೂ ಮಾಡಿದರೆ ಸಾಕು. ಆದರೆ ಫೋನು ಮತ್ತು ಸಿಮ್ ಕಂಪನಿ ಎರಡರಲ್ಲಿಯೂ ಈ ಸೌಲಭ್ಯ ಇರಬೇಕು.

ಎರಡನೆಯದು, ಫೈಬರ್ ಪೆಟ್ಟಿಗೆಯ ಫೋನು. ಬಹಳಷ್ಟು ಫೈಬರ್ ಪೆಟ್ಟಿಗೆಗಳ ಹಿಂಬದಿಯಲ್ಲಿ ದೂರವಾಣಿಯ ತೂತು ಇರುತ್ತದೆ. ಇಂಟರ್‌ನೆಟ್ ಕಂಪನಿಯಿಂದ ನಂಬರು ಪಡೆದು, ಅಲ್ಲಿಗೆ ಒಂದು ಕಾರ್ಡ್‌ಲೆಸ್ ಫೋನು ಸಿಕ್ಕಿಸಿದರೆ ಸಂಘಕ್ಕೆ ತನ್ನದೇ ದೂರವಾಣಿ ಆಯಿತು. ಸ್ಮಾರ್ಟ್‌ಫೋನ್ ಇಲ್ಲದ ಸದಸ್ಯರಿಗೆ ಇದೇ ಸುಲಭ.

ಮೂರನೆಯದು, ವೈ-ಫೈ ಹ್ಯಾಂಡ್‌ಸೆಟ್. ಕಚೇರಿ, ಶೀತಲೀಕರಣ ಕೊಠಡಿ, ಪಶು ಆಹಾರದ ಗೋದಾಮು ಬೇರೆ ಬೇರೆ ಇರುವ ದೊಡ್ಡ ಸಂಘಗಳಿಗೆ ಇದು ಅನುಕೂಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಳಸಂಖ್ಯೆ ಒತ್ತಿ ಮಾತನಾಡಬಹುದು. ಹ್ಯಾಂಡ್‌ಸೆಟ್ ಕೆಲಸ ಮಾಡಲು ಸೇವೆ ಕೊಡುವ ಕಂಪನಿಯಿಂದ ಮೂರು ವಿವರ ಪಡೆದು ತುಂಬಬೇಕು: ಸರ್ವರ್ ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್. ಇವನ್ನು ಸಂಘದ ದಫ್ತರದಲ್ಲಿ ಬರೆದಿಡಿ. ಹಾಕಿಕೊಟ್ಟ ಹುಡುಗನ ತಲೆಯಲ್ಲಿ ಮಾತ್ರ ಉಳಿದರೆ ಮುಂದೆ ತೊಂದರೆ.

ಸಣ್ಣ ಸಂಘಕ್ಕೆ ಮೊದಲ ಎರಡು ಬಗೆಗಳೇ ಸಾಕು. ಮೂರನೆಯದಕ್ಕೆ ಹಣ ಸುರಿಯುವ ಮುನ್ನ ಆಡಳಿತ ಮಂಡಳಿ ಯೋಚಿಸಬೇಕು.

ಅಳವಡಿಸುವ ಕ್ರಮ

ಹೆಜ್ಜೆ 1: ಜಾಗ. ವೈ-ಫೈ ಅಲೆಗಳಿಗೆ ಲೋಹ ಮತ್ತು ನೀರು ಎರಡೂ ಅಡ್ಡಿ. ಸ್ಟೀಲಿನ ಟ್ಯಾಂಕು ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ಒಳಗಿನ ಹಾಲು ಹೀರಿಕೊಳ್ಳುತ್ತದೆ. ತಗಡಿನ ಗೋಡೆ, ಕಬ್ಬಿಣದ ಬೀರು, ರೋಲಿಂಗ್ ಶಟರ್ ಇವೂ ಅಡ್ಡಿಯೇ. ರೂಟರನ್ನು ಬೀರುವಿನೊಳಗೆ ಬಚ್ಚಿಡಬಾರದು. ತಲೆಗಿಂತ ಎತ್ತರದಲ್ಲಿ, ಜಗಲಿಗೆ ಹತ್ತಿರವಾದ ಗೋಡೆಯ ಮೇಲೆ, ಟ್ಯಾಂಕಿನ ಮರೆಯಾಗದಂತೆ ಹಾಕಿಸಿ. ರೂಟರಿನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಅಲೆಗಳಿದ್ದರೆ, ಗೋಡೆ ದಾಟಿ ದೂರ ಹೋಗಲು 2.4 ಉತ್ತಮ. ಹಾಕಿಸಿದ ಮೇಲೆ ಫೋನಿನಲ್ಲಿ ಮಾತನಾಡುತ್ತಾ ಕಚೇರಿ, ಟ್ಯಾಂಕಿನ ಕೊಠಡಿ, ಜಗಲಿ ಎಲ್ಲ ಕಡೆ ನಡೆದು ನೋಡಿ. ಮಾತು ಕಡಿಯುವ ಜಾಗವನ್ನು ಗುರುತು ಹಾಕಿ, ರೂಟರನ್ನು ಅಲ್ಪಸ್ವಲ್ಪ ಸರಿಸಿ ಮತ್ತೆ ನೋಡಿ.

ಹೆಜ್ಜೆ 2: ವಿದ್ಯುತ್. ಎಲ್ಲಕ್ಕಿಂತ ಮುಖ್ಯ ಇದೇ. ಹಳೆಯ ತಂತಿ ಫೋನಿಗೆ ಕರೆಂಟು ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನು ಬದುಕಿರುತ್ತಿತ್ತು. ಇಂಟರ್‌ನೆಟ್ ಫೋನು ಹಾಗಲ್ಲ. ಸಂಘದ ಕರೆಂಟು ಹೋದ ಕ್ಷಣವೇ ಅದೂ ಸತ್ತಂತೆ. ಗಾಳಿ ಮಳೆಯ ರಾತ್ರಿಯಲ್ಲಿಯೇ ಕರೆಂಟು ಹೋಗುವುದು, ಅಂಥ ರಾತ್ರಿಯಲ್ಲಿಯೇ ಫೋನು ಬೇಕಾಗುವುದು.

ಲೆಕ್ಕ ಹೀಗಿದೆ. ಫೈಬರ್ ಪೆಟ್ಟಿಗೆ ಮತ್ತು ರೂಟರ್ ಎರಡೂ ಸೇರಿ 20 ವ್ಯಾಟ್ ಎಂದು ಹಿಡಿಯೋಣ. ಸಂಜೆ 7ರಿಂದ ಬೆಳಿಗ್ಗೆ 7ರವರೆಗೆ 12 ಗಂಟೆಗೆ 240 ವ್ಯಾಟ್-ಗಂಟೆ ಬೇಕು. 12 ವೋಲ್ಟ್, 40 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 480 ವ್ಯಾಟ್-ಗಂಟೆ ಇರುತ್ತದೆ. ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧದಷ್ಟು ಮಾತ್ರ ಬಳಸಬೇಕು. ಅಲ್ಲಿಗೆ ಸರಿಹೋಯಿತು. ಇನ್ವರ್ಟರ್ ಮೂಲಕ ಕೊಟ್ಟರೆ ಅದರ ನಷ್ಟವೂ ಸೇರುವುದರಿಂದ ಇನ್ನೂ ದೊಡ್ಡ ಬ್ಯಾಟರಿ ಬೇಕು. ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಕೊಳ್ಳುವುದಾದರೆ ಅದು ಎಷ್ಟು ಗಂಟೆ ನಡೆಯುತ್ತದೆಂದು ಕೇಳಿ. ಪೆಟ್ಟಿಗೆಯ ಮೇಲೆ ಬರೆದಿರುವ ವೋಲ್ಟೇಜಿಗೆ ಅದು ಹೊಂದಬೇಕು. ಎರಡೂ ಪೆಟ್ಟಿಗೆಗಳಿಗೆ ಬ್ಯಾಟರಿ ಸಂಪರ್ಕ ಬೇಕು, ಒಂದಕ್ಕೆ ಕೊಟ್ಟು ಇನ್ನೊಂದನ್ನು ಮರೆತರೆ ಫಲವಿಲ್ಲ.

ಸಿಡಿಲಿನ ಭಯವೂ ಇದೆ. ಗಾಜಿನ ಫೈಬರ್ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ, ಆದರೆ ಕರೆಂಟಿನ ತಂತಿಯಿಂದ ಬರುತ್ತದೆ. ಸರಿಯಾದ ಅರ್ಥಿಂಗ್ ಮತ್ತು ಸರ್ಜ್ ರಕ್ಷಕ ಹಾಕಿಸಿ.

ಹೆಜ್ಜೆ 3: ರಾತ್ರಿ ಬಳಕೆ. ರೂಟರಿನ ಸಂಪರ್ಕವನ್ನು ಮೇನ್ ಸ್ವಿಚ್ಚಿನಿಂದ ಬೇರ್ಪಡಿಸಿ, ಬೀಗ ಹಾಕಿದ ಮೇಲೂ ಉರಿಯುವಂತೆ ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಕೈಯಲ್ಲಿ ಮಾಡಿಸಿ. ಆಗ ಬಾಗಿಲು ಮುಚ್ಚಿದ್ದರೂ ಸದಸ್ಯರು ಜಗಲಿಯಲ್ಲಿ ನಿಂತು ತಮ್ಮ ಮೊಬೈಲಿನಿಂದ ವೈ-ಫೈ ಕರೆ ಮಾಡಬಹುದು. ಅಂಥ ಮೊಬೈಲ್ ಇಲ್ಲದವರಿಗಾಗಿ ಸಂಘದ ಒಂದು ಬೀಗದ ಕೈ ಹತ್ತಿರದ ನಂಬಿಕಸ್ಥರ ಮನೆಯಲ್ಲಿರಲಿ. ಯಾರ ಮನೆಯೆಂದು ಬಾಗಿಲ ಮೇಲೆ ಬರೆಯಬೇಡಿ, ಸದಸ್ಯರಿಗೆ ಸಭೆಯಲ್ಲಿ ತಿಳಿಸಿ.

ಹೆಜ್ಜೆ 4: ದಾರಿಯ ಹಂಚಿಕೆ. ಒಂದು ಕರೆಗೆ ಹೋಗಲು, ಬರಲು ತಲಾ 100 ಕಿಲೋಬಿಟ್ ವೇಗವಿದ್ದರೆ ಸಾಕು. ಒಂದು ಗಂಟೆ ಮಾತನಾಡಿದರೂ ಸುಮಾರು 90 ಮೆಗಾಬೈಟ್ ಅಷ್ಟೇ. ಸಮಸ್ಯೆ ಪ್ರಮಾಣದ್ದಲ್ಲ, ವಿಳಂಬದ್ದು. ಧ್ವನಿ ಆ ಕಡೆ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದೆಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಅದೇ ಹೊತ್ತಿನಲ್ಲಿ ಕ್ಯಾಮೆರಾದ ಚಿತ್ರಗಳು, ಯಾರೋ ನೋಡುವ ಸಿನಿಮಾ ದಾರಿ ತುಂಬಿಕೊಂಡರೆ ಧ್ವನಿಯ ಪೊಟ್ಟಣಗಳು ಸಾಲಿನಲ್ಲಿ ನಿಂತು ಮಾತು ತುಂಡಾಗುತ್ತದೆ. ರೂಟರಿನಲ್ಲಿ ಧ್ವನಿಗೆ ಮೊದಲ ಆದ್ಯತೆ ಕೊಡುವ ಸೌಲಭ್ಯವಿದ್ದರೆ ಅದನ್ನು ಚಾಲೂ ಮಾಡಿಸಿ.

ಹೆಜ್ಜೆ 5: ಭದ್ರತೆ. ರೂಟರಿನ ಜೊತೆ ಬಂದ ಪಾಸ್‌ವರ್ಡನ್ನು ಅಂದೇ ಬದಲಾಯಿಸಿ. ಹಾಲಿನ ಲೆಕ್ಕದ ಕಂಪ್ಯೂಟರಿಗೆ ಒಂದು ಜಾಲ, ಸದಸ್ಯರ ಕರೆಗೆ ಇನ್ನೊಂದು ಜಾಲ ಮಾಡಿಸಿ. ಸದಸ್ಯರ ಜಾಲದಿಂದ ಸಂಘದ ಲೆಕ್ಕ ಕಾಣುವಂತಿರಬಾರದು.

ಹೆಜ್ಜೆ 6: ಕಾನೂನು. ಇಂಟರ್‌ನೆಟ್ ಮೂಲಕ ಸಾಮಾನ್ಯ ದೂರವಾಣಿ ನಂಬರುಗಳಿಗೆ ಕರೆ ಮಾಡುವ ಸೇವೆಗೆ ನಮ್ಮ ದೇಶದಲ್ಲಿ 2018ರಲ್ಲಿ ಸ್ಪಷ್ಟ ಅನುಮತಿ ದೊರೆಯಿತು. ಆದರೆ ಲೈಸೆನ್ಸ್ ಇರುವ ಕಂಪನಿಗಳಿಂದ ಮಾತ್ರ ಈ ಸೇವೆ ಪಡೆಯಬೇಕು. ಹತ್ತಾರು ಸಿಮ್ ತುಂಬಿದ ಪೆಟ್ಟಿಗೆ ತಂದು "ಸಂಘದಲ್ಲಿ ಇಡಿ, ಬಾಡಿಗೆ ಕೊಡುತ್ತೇವೆ" ಎನ್ನುವವರನ್ನು ಹೊಸ್ತಿಲಾಚೆಗೇ ಕಳುಹಿಸಿ. ಅದು ಅಪರಾಧ. ಖರೀದಿಗೆ ಮೂರು ದರಪಟ್ಟಿ ತರಿಸಿ, ಆಡಳಿತ ಮಂಡಳಿಯ ಠರಾವಿನೊಂದಿಗೆ ಮಾಡಿರಿ.

ಕರೆ ಸಿಕ್ಕಾಗ ಏನು ಹೇಳಬೇಕು?

ಫೋನು ಸಿಕ್ಕರೂ "ಡಾಕ್ಟ್ರೇ, ಹಸು ಹುಷಾರಿಲ್ಲ, ಬೇಗ ಬನ್ನಿ" ಎಂದು ಇಟ್ಟುಬಿಟ್ಟರೆ ನಮಗೆ ಯಾವ ಔಷಧಿ ತರಬೇಕೆಂದು ತಿಳಿಯುವುದಿಲ್ಲ. ಈ ಎಂಟು ಮಾತು ಹೇಳಿ:

1. ನಿಮ್ಮ ಹೆಸರು, ಊರು, ಸಂಘ.
2. ಹಸುವೋ, ಎಮ್ಮೆಯೋ, ಕರುವೋ, ಎಷ್ಟನೆಯ ಸೂಲು.
3. ಕರು ಹಾಕಿ ಎಷ್ಟು ದಿನ, ಅಥವಾ ಗಬ್ಬವಾಗಿ ಎಷ್ಟು ತಿಂಗಳು.
4. ತೊಂದರೆ ಕಂಡದ್ದು ಎಷ್ಟು ಹೊತ್ತಿಗೆ.
5. ನಿಂತಿದೆಯೇ, ಮಲಗಿದೆಯೇ, ಕಿವಿ ಬೆಚ್ಚಗಿದೆಯೇ, ತಣ್ಣಗಿದೆಯೇ.
6. ಮೇವು, ನೀರು, ಮೆಲುಕು ಹೇಗಿದೆ; ಸಗಣಿ, ಗಂಜಲ ಆಗಿದೆಯೇ.
7. ಎಡಹೊಟ್ಟೆ ಉಬ್ಬಿದೆಯೇ, ಕೆಚ್ಚಲು ಊದಿದೆಯೇ, ಹಾಲಿನಲ್ಲಿ ಬದಲಾವಣೆ ಇದೆಯೇ.
8. ಈಗಾಗಲೇ ಏನಾದರೂ ಔಷಧಿ ಕೊಟ್ಟಿದ್ದೀರಾ.

ಈ ಪಟ್ಟಿಯನ್ನು ಕತ್ತರಿಸಿ ಫೋನಿನ ಪಕ್ಕದ ಗೋಡೆಗೆ ಅಂಟಿಸಿ. ಜೊತೆಗೆ ಪಶು ಆಸ್ಪತ್ರೆ, ಒಕ್ಕೂಟದ ತುರ್ತು ಚಿಕಿತ್ಸಾ ಘಟಕ, ಕೃತಕ ಗರ್ಭಧಾರಣೆ ಕಾರ್ಯಕರ್ತರು, ಶೀತಲೀಕರಣ ಘಟಕದ ದುರಸ್ತಿಯವರು, ಇಷ್ಟು ಜನರ ಪೂರ್ಣ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದಿಡಿ. ಒಂದು ಕರೆ ವಹಿಯನ್ನೂ ಇಟ್ಟು ದಿನಾಂಕ, ವೇಳೆ, ಸದಸ್ಯರ ಹೆಸರು, ಕಾರಣ ಬರೆಯುತ್ತಾ ಬನ್ನಿ. ಮೂರು ತಿಂಗಳ ವಹಿ ನೋಡಿದರೆ ಊರಿನಲ್ಲಿ ಯಾವ ಕಾಯಿಲೆ ಹೆಚ್ಚುತ್ತಿದೆ ಎಂಬುದು ನಮಗೂ ತಿಳಿಯುತ್ತದೆ.

ವೀಡಿಯೋ ಕರೆ ಸಾಧ್ಯವಿದ್ದರೆ ಹಸು ಮಲಗಿರುವ ಭಂಗಿ, ಕೆಚ್ಚಲು, ಗಾಯ ತೋರಿಸಬಹುದು. ಆದರೆ ಒಂದು ಎಚ್ಚರಿಕೆ: ಫೋನಿನಲ್ಲಿ ಕೇಳಿಕೊಂಡು ತಾವೇ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡಲು ಹೋಗಬೇಡಿ. ವೇಗವಾಗಿ ಕೊಟ್ಟರೆ ಹೃದಯ ನಿಂತು ಹಸು ಅಲ್ಲೇ ಸಾಯಬಹುದು. ಮಲಗಿದ ಹಸುವಿಗೆ ಬಾಯಿಗೆ ಔಷಧಿ ಹೊಯ್ಯುವುದೂ ಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ. ನಾವು ಬರುವವರೆಗೆ ಹಸುವನ್ನು ಒಂದೇ ಮಗ್ಗುಲಿಗೆ ಚಾಚಲು ಬಿಡದೆ, ಹುಲ್ಲಿನ ಹೊರೆ ಆನಿಸಿ ಎದೆಯ ಮೇಲೆ ಕೂರಿಸಿಡಿ.

ಸದಸ್ಯರು ಕೇಳಿದ ಪ್ರಶ್ನೆಗಳು

ಪ್ರಶ್ನೆ: ನಮ್ಮೂರಿನಲ್ಲಿ ಮೊಬೈಲ್ ಚೆನ್ನಾಗಿ ಸಿಗುತ್ತದೆ. ನಮಗೂ ಇದು ಬೇಕೇ?
ಉತ್ತರ: ಮಳೆಗಾಲದಲ್ಲಿಯೂ, ಕರೆಂಟು ಹೋದಾಗಲೂ ಸಿಗುವುದಾದರೆ ಹೊಸ ಖರ್ಚು ಬೇಡ. ನಂಬರುಗಳ ಪಟ್ಟಿ ಮತ್ತು ಎಂಟು ಮಾತಿನ ಪಟ್ಟಿ ಮಾತ್ರ ಅಂಟಿಸಿ.

ಪ್ರಶ್ನೆ: ವಾಟ್ಸ್ಆಪ್ ಕರೆ ಸಾಲದೇ?
ಉತ್ತರ: ಅದಕ್ಕೆ ಎರಡೂ ಕಡೆ ಇಂಟರ್‌ನೆಟ್ ಬೇಕು. ದಾರಿಯಲ್ಲಿರುವ ವೈದ್ಯರಿಗೆ ಸಾಮಾನ್ಯ ಸಿಗ್ನಲ್ ಮಾತ್ರ ಇರಬಹುದು. ಸಿಮ್‌ನ ವೈ-ಫೈ ಕರೆಗೆ ನಿಮ್ಮ ಕಡೆ ಇಂಟರ್‌ನೆಟ್ ಇದ್ದರೆ ಸಾಕು.

ಪ್ರಶ್ನೆ: ವೈ-ಫೈ ಕೊಟ್ಟರೆ ಹುಡುಗರು ಜಗಲಿಯಲ್ಲೇ ಕೂತು ಸಿನಿಮಾ ನೋಡುವುದಿಲ್ಲವೇ?
ಉತ್ತರ: ನೋಡಿಯೇ ನೋಡುತ್ತಾರೆ! ಆದುದರಿಂದ ಸದಸ್ಯರ ಜಾಲಕ್ಕೆ ವೇಗದ ಮಿತಿ ಹಾಕಿಸಿ. ಮಾತಿಗೆ ಸಾಕಾಗುವಷ್ಟು, ಸಿನಿಮಾಕ್ಕೆ ಸಾಲದಷ್ಟು.

ಪ್ರಶ್ನೆ: 1962 ಪಶು ಸಹಾಯವಾಣಿಗೆ ಇದರಿಂದ ಕರೆ ಹೋಗುತ್ತದೆಯೇ?
ಉತ್ತರ: ಇಂಥ ಕಿರು ಸಂಖ್ಯೆಗಳಿಗೆ ಎಲ್ಲ ಇಂಟರ್‌ನೆಟ್ ಫೋನುಗಳಿಂದಲೂ ಕರೆ ಹೋಗುತ್ತದೆಂಬ ಭರವಸೆ ಇಲ್ಲ. ಅಳವಡಿಸಿದ ದಿನವೇ ಕಂಪನಿಯವರಿಂದ ಕೇಳಿ ಖಚಿತಪಡಿಸಿಕೊಳ್ಳಿ. ವೈ-ಫೈ ಕರೆಯಲ್ಲಿ ನಿಮ್ಮ ಸ್ಥಳ ಅವರಿಗೆ ಸರಿಯಾಗಿ ಕಾಣದಿರಬಹುದು, ಊರು ಮತ್ತು ತಾಲ್ಲೂಕು ಬಾಯಿಬಿಟ್ಟು ಹೇಳಿ.

ಕೊನೆಯ ಮಾತು

ಆ ತಪ್ಪಲಿನ ಊರಿನ ಸಂಘದಲ್ಲಿ ಈಗ ರೂಟರಿಗೆ ಬ್ಯಾಟರಿ ಇದೆ. ಕಳೆದ ಮಳೆಗಾಲದ ಒಂದು ರಾತ್ರಿ ಹತ್ತೂವರೆಗೆ ಅದೇ ಮನೆಯ ಮಗ ಜಗಲಿಯಿಂದ ನನಗೆ ಕರೆ ಮಾಡಿದ. ಎಂಟು ಮಾತನ್ನೂ ಗೋಡೆ ನೋಡಿ ಓದಿದಂತೆ ಒಂದೊಂದಾಗಿ ಹೇಳಿದ. ಕರು ಹಾಕಿ ಎರಡು ದಿನ, ಕಿವಿ ತಣ್ಣಗಿದೆ, ಕತ್ತು ಮಡಚಿದೆ. ಬೇಕಾದ ಔಷಧಿ ತುಂಬಿಕೊಂಡೇ ಹೊರಟೆ. ನಡುರಾತ್ರಿ ದಾಟುವಷ್ಟರಲ್ಲಿ ಹಸು ಸಗಣಿ ಹಾಕಿತು, ಬೆಳಗಿನ ಹೊತ್ತಿಗೆ ಎದ್ದು ನಿಂತಿತು.

ತಿಂಗಳ ಮೊದಲ ದಿನ ಸಂಜೆ ಹಾಲು ಮುಗಿದ ಮೇಲೆ ನಿಮ್ಮ ಸಂಘದಲ್ಲಿಯೂ ಒಂದು ಪರೀಕ್ಷೆ ಮಾಡಿ. ಮೇನ್ ಸ್ವಿಚ್ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಜಗಲಿಯಲ್ಲಿ ನಿಂತು ಒಂದು ಕರೆ ಮಾಡಿ ನೋಡಿ. ಕರೆ ಹೋದರೆ ನಿಮ್ಮ ಫೋನು ಸರಿಯಾಗಿದೆ. ಹೋಗದಿದ್ದರೆ ಮರುದಿನವೇ ಸರಿಪಡಿಸಿ. ಹಸು ಮಲಗುವವರೆಗೆ ಕಾಯಬೇಡಿ.